ಮುಳ್ಳು ಏರಿತು, ರವಿಕೆ ಸಡಿಲವಾಯಿತು!

‘ಅಕ್ಕಾ, ಮೂರು ತಿಂಗಳು ಬೆವರು ಸುರಿಸಿದ್ದೆಲ್ಲ ನೀರಲ್ಲಿ ಹೋಮ ಮಾಡಿದಂಗಾತು...’

ಚಳ್ಳಕೆರೆಯ ಗೆಳತಿ ಫೋನಿನಲ್ಲಿ ಅಳುವುದೊಂದೇ ಬಾಕಿ. ಬೆಳಗ್ಗೆ ನಡಿಗೆ, ಮನೆಯಲ್ಲೇ ಬಸ್ಕಿ, ನೀರು ತುಂಬಿದ ಬಾಟಲಿ ಹಿಡಿದು ತೋಳಿನ ವ್ಯಾಯಾಮ. ಒಂದು ದಿನವೂ ತಪ್ಪಿಸಿರಲಿಲ್ಲ. ತೂಕದ ಯಂತ್ರ ಹತ್ತಿದರೆ 64 ಕೆ.ಜಿ. ಇದ್ದದ್ದು 64.8 ಆಗಿದೆ! ಬೇಜಾರಿನಲ್ಲಿ ರಾತ್ರಿ ಊಟ ಬಿಟ್ಟಿದ್ದಾಳೆ. ನಾಳೆಯಿಂದ ವ್ಯಾಯಾಮವೂ ಬಂದ್ ಅಂತೆ.

‘ಮೊಳಕಾಲ್ಮೂರಿನ ಮದುವೆಗೆ ಏನು ಉಡ್ತೀಯಾ?’ ಎಂದು ಮಾತು ಬದಲಿಸಿದೆ.

‘ನನ್ನ ಮದುವೇಲಿ ತಗೊಂಡ ಮೊಳಕಾಲ್ಮೂರು ರೇಷ್ಮೆ ಸೀರೇನೇ. ರವಿಕೆ ಹೊಲಿಗೆ ಬಿಚ್ಚಿಸಬೇಕು ಅಂತಿದ್ದೆ. ಈಗ ನೋಡಿದ್ರೆ ಸಲೀಸಾಗಿ ಆಗುತ್ತಲ್ಲಕ್ಕಾ! ಸೊಂಟಾನೂ ಎರಡಿಂಚು ಕಮ್ಮಿ.’

ಹಾಗಾದರೆ ಸುಳ್ಳು ಹೇಳುತ್ತಿರುವುದು ಯಾರು? ತೂಕದ ಯಂತ್ರವೋ, ರವಿಕೆಯೋ? ಇಬ್ಬರೂ ಅಲ್ಲ!

ಎಣ್ಣೆ ಹೇಳುವ ಗುಟ್ಟು

ಚಳ್ಳಕೆರೆ ಶೇಂಗಾ ಎಣ್ಣೆಗೆ ಹೆಸರಾದ ಊರು. ಎಣ್ಣೆ ಪ್ಯಾಕೆಟ್ಟಿನ ಮೇಲೆ ‘1 ಲೀಟರ್, 910 ಗ್ರಾಂ’ ಎಂದು ಬರೆದಿರುವುದನ್ನು ನೀವೂ ನೋಡಿರುತ್ತೀರಿ. ಒಂದು ಲೀಟರ್ ನೀರು ಸುಮಾರು ಒಂದು ಕೆ.ಜಿ. ತೂಗುತ್ತದೆ, ಎಣ್ಣೆ ಅಷ್ಟು ತೂಗುವುದಿಲ್ಲ. ನಮ್ಮ ಮೈಯ ಕೊಬ್ಬೂ ಹೀಗೆಯೇ. ಲೀಟರಿಗೆ ಸುಮಾರು 900 ಗ್ರಾಂ. ಸ್ನಾಯು ಮಾತ್ರ ಲೀಟರಿಗೆ ಸುಮಾರು 1,060 ಗ್ರಾಂ ತೂಗುತ್ತದೆ. ಅಂದರೆ ಒಂದು ಕೆ.ಜಿ. ಕೊಬ್ಬು ಹಿಡಿಯುವ ಜಾಗಕ್ಕಿಂತ ಒಂದು ಕೆ.ಜಿ. ಸ್ನಾಯು ಹಿಡಿಯುವ ಜಾಗ ಶೇ 15ರಷ್ಟು ಕಡಿಮೆ.

ಇಷ್ಟರಿಂದಲೇ ಎರಡಿಂಚು ಇಳಿಯಿತೇ ಎಂದರೆ, ಇಲ್ಲ. ಎಲ್ಲಿ ಕರಗಿತು, ಎಲ್ಲಿ ಬೆಳೆಯಿತು ಎಂಬುದೇ ಮುಖ್ಯ. ಕೊಬ್ಬು ಹೊಟ್ಟೆ, ಸೊಂಟದಲ್ಲಿ ಕರಗಿದರೆ ಟೇಪಿಗೆ ಕೂಡಲೇ ಗೊತ್ತಾಗುತ್ತದೆ. ಬೆಳೆದ ಸ್ನಾಯು ತೊಡೆ, ಬೆನ್ನು, ಭುಜ ಎಂದು ಮೈತುಂಬ ಹಂಚಿಹೋಗುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ನೀರಿನ ಆಟ

ವ್ಯಾಯಾಮ ಶುರು ಮಾಡಿದ ಮೊದಲ ವಾರಗಳಲ್ಲೇ ಮುಳ್ಳು ಏರಿದರೆ ಅದು ಹೆಚ್ಚಾಗಿ ನೀರಿನ ಕೆಲಸ. ದಣಿದ ಸ್ನಾಯು ನೋಯುವಾಗ ಅಲ್ಲಿ ನೀರು ಸೇರುತ್ತದೆ. ಸ್ನಾಯುಗಳು ಕೂಡಿಟ್ಟುಕೊಳ್ಳುವ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ತನ್ನ ತೂಕದ ಸುಮಾರು ಮೂರು ಪಟ್ಟು ನೀರನ್ನು ಹಿಡಿದಿಡುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲಿ, ಉಪ್ಪಿನಕಾಯಿ-ಹಪ್ಪಳ ಜಾಸ್ತಿ ತಿಂದ ಮರುದಿನ ಕೂಡ ತೂಕ ಏರುತ್ತದೆ. ಇದು ಬಂದುಹೋಗುವ ನೆಂಟ. ಗಾಬರಿ ಬೇಡ.

ಊಟ ಬಿಡಬೇಡಿ

ಗೆಳತಿ ಮಾಡಿದ ತಪ್ಪು ಇದೇ. ಹೊಟ್ಟೆಗೆ ಹಾಕದೆ ಇದ್ದರೆ ಕೊಬ್ಬಿನ ಜೊತೆ ಕಷ್ಟಪಟ್ಟು ಬೆಳೆಸಿದ ಸ್ನಾಯುವೂ ಕರಗುತ್ತದೆ. ಮುಳ್ಳು ಇಳಿದೀತು, ಆದರೆ ಮೈಯಲ್ಲಿ ಕಸುವು ಇರುವುದಿಲ್ಲ. ಆರೋಗ್ಯವಂತರಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು 2020ರಲ್ಲಿ ಐಸಿಎಂಆರ್ ಹೇಳಿದೆ. 64 ಕೆ.ಜಿ. ಇರುವವರಿಗೆ ಸುಮಾರು 53 ಗ್ರಾಂ. ರಾಗಿಮುದ್ದೆಗೆ ಹುರುಳಿ ಸಾರು, ಕಾಳಿನ ಪಲ್ಯ, ಮೊಸರು, ತಿನ್ನುವವರಿಗೆ ಮೊಟ್ಟೆ ಇವೆಲ್ಲ ಒಳ್ಳೆಯವು. ಶೇಂಗಾದಲ್ಲೂ ಪ್ರೋಟೀನ್ ಧಾರಾಳವಾಗಿದೆ. ಆದರೆ 100 ಗ್ರಾಂನಲ್ಲಿ ಸುಮಾರು 570 ಕ್ಯಾಲರಿ ಇರುವುದರಿಂದ ಒಂದು ಸಣ್ಣ ಹಿಡಿ ಸಾಕು. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರೋಟೀನ್ ಹೆಚ್ಚಿಸಿ.

ನೀವು ಹೀಗೆ ಮಾಡಿ

* ದಿನಾ ತೂಕ ನೋಡಬೇಡಿ. ವಾರಕ್ಕೊಮ್ಮೆ, ಬೆಳಗ್ಗೆ ಶೌಚ ಮುಗಿಸಿ, ಖಾಲಿ ಹೊಟ್ಟೆಯಲ್ಲಿ, ಅದೇ ಯಂತ್ರದಲ್ಲಿ ನೋಡಿ.

* ತಿಂಗಳಿಗೆರಡು ಸಲ ಟೇಪು ಹಿಡಿಯಿರಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟಾಗ ಅಳೆಯಿರಿ. ಹೊಟ್ಟೆ ಒಳಗೆಳೆದುಕೊಂಡು ಮೋಸ ಮಾಡಬೇಡಿ! ಹೆಂಗಸರಿಗೆ ಅದು 80 ಸೆಂ.ಮೀ. ದಾಟಿದರೆ ಸಕ್ಕರೆ ಕಾಯಿಲೆ, ಹೃದ್ರೋಗದ ಅಪಾಯ ಹೆಚ್ಚು.

* ಒಂದು ಹಳೇ ರವಿಕೆಯನ್ನು ಅಳತೆಗೆಂದೇ ಇಟ್ಟುಕೊಳ್ಳಿ.

* ಮೆಟ್ಟಿಲು ಹತ್ತುವಾಗಿನ ಏದುಸಿರು ಕಡಿಮೆಯಾಗಿದೆಯೇ ಗಮನಿಸಿ.

ಎಚ್ಚರವೂ ಇರಲಿ

ತೂಕದ ಜೊತೆ ಸೊಂಟವೂ ಏರಿದರೆ ‘ಇದು ಸ್ನಾಯು’ ಎಂದು ಸಮಾಧಾನ ಮಾಡಿಕೊಳ್ಳಬೇಡಿ, ಅದು ಬಹುತೇಕ ಕೊಬ್ಬೇ. ಕಾಲು ಅಥವಾ ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ, ಕೆಲವೇ ದಿನಗಳಲ್ಲಿ ಎರಡು-ಮೂರು ಕೆ.ಜಿ. ಏರಿದರೆ, ಕೈಕಾಲು ಸೊರಗಿ ಹೊಟ್ಟೆ ಮಾತ್ರ ಉಬ್ಬಿದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಸುಸ್ತು, ಚಳಿ ತಡೆಯಲಾಗದಿರುವುದು, ಮುಟ್ಟಿನ ಏರುಪೇರು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಇಷ್ಟೆಲ್ಲ ಕೇಳಿದ ಗೆಳತಿ ಅಂದೇ ರಾತ್ರಿ ಮುದ್ದೆ ಉಂಡಳು. ಬೆಳಗ್ಗೆ ಎದ್ದು ಬಸ್ಕಿಯನ್ನೂ ಹೊಡೆದಳಂತೆ. ಮದುವೆ ಮನೆಯಲ್ಲಿ ಆ ರೇಷ್ಮೆ ಸೀರೆ ನೋಡಿದ ಹಿರಿಯರೊಬ್ಬರು ‘ಸಣ್ಣ ಆಗೀಯಲ್ಲೇ, ಎಷ್ಟು ಕೆ.ಜಿ. ಇಳಿಸಿದೆ?’ ಎಂದು ಕೇಳಿದರಂತೆ.

‘ಒಂದೂ ಇಲ್ಲ ಅತ್ತೆ, ಏರೈತೆ!’ ಅಂದಳಂತೆ ಇವಳು, ನಗುನಗುತ್ತಾ.