ಬಾಗದ ಸ್ವರವನ್ನು ಹಾಡಿಸಿದವರು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯಲ್ಲಿ ಹಾರ್ಮೋನಿಯಮ್ಮಿಗೆ ‘ಪೇಟಿ’ ಎಂದೇ ರೂಢಿಯ ಹೆಸರು. ಪೇಟಿಯೆಂದರೆ ಪೆಟ್ಟಿಗೆ. ಭಜನೆಯ ಮೇಳದಲ್ಲಿ, ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ, ನಾಟಕ ಕಂಪನಿಗಳ ರಂಗದ ಮುಂದೆ ಈ ಪೆಟ್ಟಿಗೆಯಿಲ್ಲದೆ ಹಾಡು ಏಳುವುದೇ ಇಲ್ಲವೆಂಬಷ್ಟರ ಮಟ್ಟಿಗೆ ಅದು ನಮ್ಮದಾಗಿ ಹೋಗಿದೆ. ಆದರೆ ಅದರ ತವರು ಪ್ಯಾರಿಸ್ ನಗರ. ಅಲೆಕ್ಸಾಂಡ್ರ್ ದೆಬೆಂ ಎಂಬ ವಾದ್ಯಕುಶಲಿ 1842ರಲ್ಲಿ ಹಾರ್ಮೋನಿಯಮ್ ಎಂಬ ಹೆಸರಿಟ್ಟು ಅದರ ಹಕ್ಕನ್ನು ಪಡೆದನು. ಆ ಹೊತ್ತಿಗೆ ಅದೇ ನಗರದಲ್ಲಿ ಪೋಲೆಂಡಿನಿಂದ ಬಂದು ನೆಲೆಸಿದ್ದ ಫ್ರೆಡ್ರಿಕ್ ಶೋಪಾನ್ (1810-1849) ಪಿಯಾನೋದ ಮುಂದೆ ಕುಳಿತು, ಶಿಷ್ಯರಿಗೆ ಪಾಠ ಹೇಳಿಕೊಡುತ್ತ, ಆ ಒಂದೇ ವಾದ್ಯಕ್ಕಾಗಿ ತನ್ನ ಬಹುಪಾಲು ಕೃತಿಗಳನ್ನು ರಚಿಸುತ್ತಿದ್ದನು. ಒಂದೇ ಊರು, ಒಂದೇ ಕಾಲ ಎಂಬುದು ಕಾಕತಾಳೀಯವೇ ಸರಿ. ಎರಡು ವಾದ್ಯಗಳ ತೊಡಕು ಮಾತ್ರ ಒಂದೇ ಬಗೆಯದು.

ಆ ತೊಡಕು ಯಾವುದೆಂಬುದನ್ನು ಈ ಭಾಗದ ವಾಚಕರಿಗೆ ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಕಾಗವಾಡದಿಂದ ಮಿರಜ ದೂರವಿಲ್ಲ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನರು ನೆಲೆಸಿದ್ದು ಮಿರಜದಲ್ಲಿ. 1937ರಲ್ಲಿ ತೀರಿಕೊಂಡ ಅವರ ಸಮಾಧಿಯಿರುವುದೂ ಅಲ್ಲಿಯ ಖ್ವಾಜಾ ಶಮನಾ ಮೀರಾ ದರ್ಗಾದಲ್ಲಿ. ಕೊನೆಯ ವರ್ಷಗಳಲ್ಲಿ ಓಡಿಯನ್ ಕಂಪನಿಗಾಗಿ ಅವರು ಹಾಡಿದ ತಟ್ಟೆಗಳು ಒಂದೊಂದು ಬದಿಗೆ ಮೂರೇ ನಿಮಿಷದವು. ಆ ಮೂರು ನಿಮಿಷಗಳಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಕಂಠವು ಎಣ್ಣೆಯ ಧಾರೆಯಂತೆ ಜಾರುವುದನ್ನು ಒಮ್ಮೆ ಕೇಳಿದವನಿಗೆ ಪೇಟಿಯ ಮೇಲೆ ಸಿಟ್ಟು ಬರುವುದು ಸಹಜ. ಏಕೆಂದರೆ ಪೇಟಿಯಲ್ಲಿ ಪ್ರತಿಯೊಂದು ಸ್ವರಕ್ಕೂ ಅದರದರ ಮನೆ; ಮನೆಗಳ ನಡುವೆ ಓಣಿಯಿಲ್ಲ. ಮೀಂಡಿಗೆ ಅಲ್ಲಿ ಎಡೆಯಿಲ್ಲ.

ಈ ಕೊರತೆಯನ್ನು ನೀಗಿಸಲು ಹತ್ತಿರದ ಸಾಂಗಲಿಯಲ್ಲೇ ಒಂದು ಪ್ರಯತ್ನ ನಡೆಯಿತು. ಕೃಷ್ಣಾಜಿ ಬಲ್ಲಾಳ ದೇವಲರು ಇಪ್ಪತ್ತೆರಡು ಶ್ರುತಿಗಳನ್ನು ಕುರಿತು 1910ರಲ್ಲಿ ಪುಸ್ತಕವನ್ನು ಪ್ರಕಟಿಸಿದರು. ಅವರೂ ಕ್ಲೆಮೆಂಟ್ಸ್ ಎಂಬ ಇಂಗ್ಲಿಷ್ ಅಧಿಕಾರಿಯೂ ಕೂಡಿ ಶ್ರುತಿ ಹಾರ್ಮೋನಿಯಮ್ಮನ್ನು ರೂಪಿಸಿದರು. ಅವರ ಪ್ರಯೋಗಗಳಿಗೆ ಕರೀಮ್ ಖಾನರ ಕಂಠವೂ ನೆರವಾಯಿತು. ಮನೆಗಳು ಹೆಚ್ಚಿದವು, ಆದರೆ ಓಣಿ ಹುಟ್ಟಲಿಲ್ಲ. ಆ ವಾದ್ಯವು ಬಳಕೆಗೆ ಬಾರದೆ ಉಳಿಯಿತು. ಮುಂದೆ 1940ರ ಮಾರ್ಚ್ 1ರಿಂದ ಅಖಿಲ ಭಾರತ ರೇಡಿಯೋ ತನ್ನ ನಿಲಯಗಳಿಂದ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತು. ಹಾಡಲಾರದ ವಾದ್ಯ ಎಂಬುದೇ ಅದರ ಮೇಲಿನ ದೊಡ್ಡ ಆರೋಪ.

ಇದೇ ಆರೋಪವನ್ನು ಪಿಯಾನೋದ ಮೇಲೂ ಹೊರಿಸಬಹುದಾಗಿತ್ತು. ಪೇಟಿಯ ಸ್ವರ ತಿದಿಯಲ್ಲಿ ಗಾಳಿಯಿರುವವರೆಗಾದರೂ ನಿಲ್ಲುತ್ತದೆ. ಪಿಯಾನೋದಲ್ಲಿ ಸುತ್ತಿಗೆಯು ತಂತಿಗೆ ತಾಗಿದ ಮರುಕ್ಷಣದಿಂದಲೇ ನಾದ ಸಾಯತೊಡಗುತ್ತದೆ. ಜಾರುವುದಿರಲಿ, ನಿಲ್ಲುವುದಕ್ಕೂ ಬಾರದ ವಾದ್ಯವದು. ಶೋಪಾನ್ ಈ ಸಾಯುವ ನಾದವನ್ನೇ ಹಾಡಿಸಲು ಹೊರಟನು. ಶಿಷ್ಯರಿಗೆ ಅವನು ಹೇಳುತ್ತಿದ್ದ ಮದ್ದು ಬೆರಳಿನ ಕಸರತ್ತಲ್ಲ. ಇಟಾಲಿಯನ್ ಗೀತನಾಟಕಗಳಿಗೆ ಹೋಗಿ ಗಾಯಕರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಮಾತನ್ನು ಹೇಗೆ ಎಳೆಯುತ್ತಾರೆ ಎಂಬುದನ್ನು ಕೇಳಿ ಬನ್ನಿ ಎಂಬುದು. ಎಡಗೈ ಲಯವನ್ನು ಕಾಯಬೇಕು, ಬಲಗೈ ಅದರ ಮೇಲೆ ಹಿಂದುಮುಂದಾಗಿ ಸ್ವೇಚ್ಛೆಯಿಂದ ನಡೆಯಬಹುದು ಎಂದೂ ಅವನು ಕಲಿಸುತ್ತಿದ್ದನು. ಠೇಕಾ ಬಿಡದ ತಬಲಾ, ಸಮ್‌ಗೆ ಬಂದು ಸೇರುವ ಗವಾಯಿ: ನಮ್ಮ ಬೈಠಕ್ಕಿನಲ್ಲಿ ಕುಳಿತವರಿಗೆ ಇದು ಹೊಸ ಮಾತೆನಿಸದು.

ಅವನ ನಾಕ್ಟರ್ನುಗಳಲ್ಲಿ, ಅಂದರೆ ನಿಶಾಗೀತಗಳಲ್ಲಿ, ಅತ್ಯಂತ ಜನಪ್ರಿಯವಾದುದು 1832ರಲ್ಲಿ ಅಚ್ಚಾದ ಒಂಬತ್ತನೆಯ ಗುಚ್ಛದ ಎರಡನೆಯದು. ಎಡಗೈಯಲ್ಲಿ ತೂಗುವ ಒಂದೇ ನಡೆ. ಬಲಗೈಯಲ್ಲಿ ಒಂದೇ ಚೀಜು ಮತ್ತೆ ಮತ್ತೆ ಬರುತ್ತದೆ. ಬಂದಾಗಲೆಲ್ಲ ಹೊಸ ಮುರ್ಕಿ, ಹೊಸ ಅಲಂಕಾರ. ಶಿಷ್ಯರ ಪ್ರತಿಗಳಲ್ಲಿ ಶೋಪಾನ್ ಬೇರೆ ಬೇರೆ ಅಲಂಕಾರಗಳನ್ನು ತನ್ನ ಕೈಯಿಂದಲೇ ಬರೆದುಕೊಟ್ಟಿದ್ದಾನೆ. ಅವನ ಶಿಷ್ಯನಾದ ಮಿಕುಲಿಯಿಂದ ಕಲಿತ ರಾವುಲ್ ಕೊಚಾಲ್ಸ್ಕಿ ಇಂತಹ ಪಾಠಾಂತರಗಳೊಡನೆ ಈ ಗೀತವನ್ನು ಧ್ವನಿಮುದ್ರಿಸಿದ್ದಾನೆ. ಗುರುಮುಖದಿಂದ ಬಂದ ವಿದ್ಯೆಗೂ ಪುಸ್ತಕದ ವಿದ್ಯೆಗೂ ಇರುವ ಅಂತರ ಆ ಮುದ್ರಿಕೆಯಲ್ಲಿ ಸ್ಪಷ್ಟವಾಗುತ್ತದೆ.

ಇದೇ ಗೀತ ಬಹುಬೇಗ ಬೇರೆ ವಾದ್ಯಗಳಿಗೂ ಹತ್ತಿತು. ಸ್ಪೇನಿನ ಪಿಟೀಲು ವಿದ್ವಾಂಸ ಸಾರಸಾಟೆ ತಾನೇ ಅಳವಡಿಸಿಕೊಂಡು 1904ರಲ್ಲಿ ಇದನ್ನು ಗ್ರಾಮಫೋನಿಗೆ ನುಡಿಸಿದನು. ತಟ್ಟೆಯ ಸರಸರ ಸದ್ದಿನ ಹಿಂದಿನಿಂದ ಕಮಾನು ಒಂದು ಸ್ವರದಿಂದ ಮತ್ತೊಂದಕ್ಕೆ ನಿಜವಾಗಿಯೇ ಜಾರುವುದು ಕೇಳಿಬರುತ್ತದೆ. ಪಾಬ್ಲೋ ಕಾಸಲ್ಸನು ಚೆಲ್ಲೋದ ಮೇಲೆ ನುಡಿಸಿದ ಮುದ್ರಿಕೆಯಲ್ಲಿ ನಾದಕ್ಕೆ ಗಂಡುಕಂಠದ ಗಾಂಭೀರ್ಯ ಬಂದಿದೆ. ಮೊದಲ ಬಾರಿಗೆ ಕೇಳಿದಾಗ, ಶೋಪಾನನು ಬಯಸಿದ್ದು ಇದನ್ನೇ, ಪಿಯಾನೋ ಕೊಡಲಾರದ್ದನ್ನು ಪಿಟೀಲು ಕೊಟ್ಟಿತು ಎಂದೆನಿಸುತ್ತದೆ. ನನಗೆ ಆ ತೃಪ್ತಿ ಬಹಳ ಹೊತ್ತು ನಿಲ್ಲಲಿಲ್ಲ. ಪಿಯಾನೋದಲ್ಲಿ ಕೇಳುವಾಗ, ಸಾಯುತ್ತಿರುವ ಸ್ವರವನ್ನು ಮುಂದಿನ ಸ್ವರಕ್ಕೆ ಮುಟ್ಟಿಸುವ ಕೆಲಸದಲ್ಲಿ ಅರ್ಧವನ್ನು ನಮ್ಮ ಕಿವಿಯೇ ಮಾಡುತ್ತಿರುತ್ತದೆ. ಪಿಟೀಲು ಅದನ್ನೆಲ್ಲ ತಾನೇ ಮಾಡಿ ಮುಗಿಸಿ, ಕೇಳುವವನನ್ನು ಕೆಲಸವಿಲ್ಲದೆ ಕೂರಿಸುತ್ತದೆ. ರಾಗ ಮಧುರವಾಗುತ್ತದೆ, ಕೊಂಚ ಅತಿಮಧುರವೂ ಆಗುತ್ತದೆ.

ವಿಚಿತ್ರವೆಂದರೆ ಗಿಟಾರಿನಲ್ಲಿ ಹೀಗಾಗುವುದಿಲ್ಲ. ಸ್ಪೇನಿನವನೇ ಆದ ತಾರ್ರೆಗಾ ಶೋಪಾನನ ಹಲವು ಕೃತಿಗಳನ್ನು ಗಿಟಾರಿಗೆ ಇಳಿಸಿದ್ದಾನೆ. ಈ ನಿಶಾಗೀತವೂ ಅವುಗಳಲ್ಲಿ ಒಂದು. ಮೀಟಿದ ತಂತಿಯ ನಾದ ಪಿಯಾನೋದ ನಾದಕ್ಕಿಂತಲೂ ಬೇಗ ಅಡಗುತ್ತದೆ. ಬಡತನ ಹೆಚ್ಚಿದಷ್ಟೂ ಗೀತ ಮೂಲಕ್ಕೆ ಹತ್ತಿರವಾದಂತೆ ಕೇಳುತ್ತದೆ. ಇನ್ನು ಗ್ಲಾಜುನೋವ್ ಮೊದಲಾದವರು ವಾದ್ಯವೃಂದಕ್ಕೆ ಅಳವಡಿಸಿದ್ದನ್ನು ಬಳಸಿಕೊಂಡು 1909ರಲ್ಲಿ ಪ್ಯಾರಿಸ್ಸಿನ ರಂಗಕ್ಕೆ ಬಂದ ನೃತ್ಯನಾಟಕವು ಕಣ್ಣಿಗೆ ಹಬ್ಬವಾಗಿರಬೇಕು. ಕಿವಿಗೆ, ಮನೆಯಂಗಳದ ಹಾಡನ್ನು ಮೆರವಣಿಗೆಗೆ ಹೊರಡಿಸಿದಂತಾಗುತ್ತದೆ.

ಶೋಪಾನನ ಶವಸಂಸ್ಕಾರದ ದಿನ, 1849ರ ಅಕ್ಟೋಬರ್ 30ರಂದು, ಮಾದ್ಲೆನ್ ಚರ್ಚಿನಲ್ಲಿ ಅವನ ಎರಡು ಪ್ರೆಲ್ಯೂಡುಗಳನ್ನು ಆರ್ಗನ್ನಿನಲ್ಲಿ ನುಡಿಸಿದರು. ಆರ್ಗನ್ ಎಂದರೆ ಪೇಟಿಯ ಹಿರಿಯಣ್ಣ. ಅದರ ಸ್ವರ ತಾನಾಗಿ ಅಡಗುವುದಿಲ್ಲ. ಪಿಯಾನೋದಲ್ಲಿ ಸಾಯುವುದಕ್ಕೆಂದೇ ಹುಟ್ಟಿದ ಆ ಸ್ವರಗಳು, ಬರೆದವನೇ ಸತ್ತ ಮೇಲೆ, ಸಾಯದೆ ನಿಂತು ನುಡಿದವು.

ಪಿಯಾನೋಗಳೂ ಎಲ್ಲ ಒಂದೇ ಅಲ್ಲ. ಶೋಪಾನ್ ಮೆಚ್ಚಿದ್ದು ಪ್ಲೆಯೆಲ್ ಕಂಪನಿಯ ಹಗುರ ಕಂಠದ ಪಿಯಾನೋಗಳನ್ನು. ವಾರ್ಸಾದ ಶೋಪಾನ್ ಸಂಸ್ಥೆಯು 1848ರ ಪ್ಲೆಯೆಲ್, 1849ರ ಎರಾರ್ ಪಿಯಾನೋಗಳ ಮೇಲೆ ಅವನ ಕೃತಿಗಳನ್ನು ಧ್ವನಿಮುದ್ರಿಸಿದೆ. ಅಂತಹ ಹಳೆಯ ಬಗೆಯ ವಾದ್ಯಗಳಿಗೆಂದೇ 2018ರಲ್ಲಿ ಒಂದು ಅಂತರರಾಷ್ಟ್ರೀಯ ಸ್ಪರ್ಧೆಯನ್ನೂ ಮೊದಲು ಮಾಡಿತು. ಇಂದಿನ ಸಭಾಂಗಣದ ಪಿಯಾನೋವನ್ನು ಕೇಳಿ ಪಳಗಿದ ಕಿವಿಗೆ ಪ್ಲೆಯೆಲ್ ಮೊದಲು ಸಣಕಲೆನಿಸುತ್ತದೆ. ಕೇಳುತ್ತ ಹೋದಂತೆ, ಪ್ರತಿ ಸ್ವರದ ಸಾವೂ ಎಷ್ಟು ಬೇಗ ಬರುತ್ತದೆ, ಅದಕ್ಕಿಂತ ಅರೆಗಳಿಗೆ ಮುಂಚೆ ಮುಂದಿನ ಬೆರಳು ಎಷ್ಟು ಮೆತ್ತಗೆ ಬಂದು ಸೇರುತ್ತದೆ ಎಂಬುದು ತಿಳಿಯುತ್ತದೆ.

ನಮ್ಮ ಕಡೆಯ ಪೇಟಿಯ ದೊಡ್ಡವರು ಮಾಡಿದ್ದೂ ಈ ಬಗೆಯ ಕೆಲಸವನ್ನೇ. ಕೊಲ್ಹಾಪುರದ ಕಡೆಯ ಗೋವಿಂದರಾವ್ ಟೆಂಬೆ, ಬೆಳಗಾವಿಯ ವಿಠ್ಠಲರಾವ್ ಕೋರಗಾಂವಕರ, ಕಾಗವಾಡದಲ್ಲಿ 1917ರಲ್ಲಿ ಹುಟ್ಟಿ ಬೆಳಗಾವಿಯಲ್ಲಿ ತಲೆಮಾರುಗಳಿಗೆ ಪಾಠ ಹೇಳಿ 2010ರಲ್ಲಿ ತೀರಿಕೊಂಡ ರಾಮಭಾವು ವಿಜಾಪುರೆ: ಇವರಾರೂ ಪೇಟಿಗೆ ಹೊಸ ಮನೆಗಳನ್ನು ಕಟ್ಟಿಸಲಿಲ್ಲ. ಇದ್ದ ಮನೆಗಳಲ್ಲೇ ಗವಾಯಿಯ ಅಂಗವನ್ನು ಹುಡುಕಿದರು. ವಿಜಾಪುರೆಯವರ ತಾರುಣ್ಯದಲ್ಲಿ ಮುಚ್ಚಿದ ರೇಡಿಯೋದ ಬಾಗಿಲು 1970ರ ದಶಕದಲ್ಲಿ ತೆರೆಯತೊಡಗಿದ್ದು, ಅದೂ ಮೊದಲಿಗೆ ಪಕ್ಕವಾದ್ಯಕ್ಕೆ ಮಾತ್ರ. ನಡುವಿನ ವರ್ಷಗಳಲ್ಲಿ ಪೇಟಿಯ ಸ್ವತಂತ್ರ ವಾದನಕ್ಕೆ ಆಸರೆಯಾದದ್ದು ಗ್ರಾಮಫೋನ್. ಪಿ. ಮಧುಕರ ಅವರ ತಟ್ಟೆಗಳಲ್ಲಿ ರಂಗಗೀತಗಳು ಮಾತಿಲ್ಲದೆ, ಕಂಠವಿಲ್ಲದೆ, ಪೇಟಿಯೊಂದರಲ್ಲೇ ನುಡಿದಿವೆ. ಅವುಗಳನ್ನು ಕೇಳುವಾಗ ಬಲಗೈಯನ್ನಷ್ಟೇ ಗಮನಿಸಿದರೆ ಸಾಲದು. ಒಂದು ಮನೆಯಿಂದ ಬೆರಳು ಏಳುವ ಮೊದಲೇ ಪಕ್ಕದ ಮನೆಯನ್ನು ಸವರಿ ಹೋಗುವುದು ಒಂದು ಉಪಾಯ. ಇನ್ನೊಂದು ಎಡಗೈಯದು: ಗವಾಯಿ ಉಸಿರು ತೆಗೆದುಕೊಳ್ಳಬಹುದಾದ ಎಡೆಯಲ್ಲಿ ತಿದಿಯ ಒತ್ತು ತುಸು ಸಡಿಲುತ್ತದೆ, ಸ್ವರ ತೆಳ್ಳಗಾಗುತ್ತದೆ, ಮತ್ತೆ ತುಂಬಿಕೊಳ್ಳುತ್ತದೆ.