ಬಣ್ಣ ಬಿಡಿ, ಸೊಂಟ ನೋಡಿ

ಬಾಗಿಲ ಚೌಕಟ್ಟಿನ ಸಂದಿ, ಗೋಡೆ ಗಡಿಯಾರದ ಹಿಂಬದಿ, ಬಹುಕಾಲ ಯಾರೂ ಮುಟ್ಟದ ಪುಸ್ತಕದ ಬೆನ್ನು, ಸ್ವಿಚ್ ಬೋರ್ಡಿನ ತೂತು. ನಮ್ಮ ಮನೆಗಳ ಇಂಥ ಮೂಲೆಗಳಲ್ಲಿ ನೋಡನೋಡುತ್ತಲೇ ಮಣ್ಣಿನ ಗೂಡು ಏಳುತ್ತದೆ. ಕಟ್ಟುವ ಹುಳಕ್ಕೆ ಕಣಜ ಎಂಬ ಒಂದೇ ಹೆಸರು ಕೊಟ್ಟು, ಕಚ್ಚೀತೆಂದು ಹೆದರಿ, ಮನೆಮಂದಿ ಪೊರಕೆ ಹುಡುಕುತ್ತಾರೆ. ಆ ಹೆದರಿಕೆ ಗುಂಪಾಗಿ ಗೂಡು ಕಟ್ಟಿ ಕಾವಲು ಕಾಯುವ ಕಡಜಗಳಿಗೆ ಸಲ್ಲಬೇಕಾದದ್ದು. ಮಣ್ಣು ತರುವ ಈ ಹುಳ ಒಂಟಿ ಕಣಜ. ಇದರ ಮನೆಯಲ್ಲಿ ರಾಣಿಯಿಲ್ಲ, ಆಳುಗಳಿಲ್ಲ. ಒಂದೇ ಹೆಣ್ಣು ಗೂಡು ಕಟ್ಟಿ, ಮೊಟ್ಟೆಯಿಟ್ಟು, ಬೇಟೆ ತಂದು ತುಂಬಿ, ಬಾಯಿ ಮುಚ್ಚಿ ಹೊರಟುಬಿಡುತ್ತದೆ. ಗೂಡಿಗಾಗಿ ಮನುಷ್ಯರ ಮೇಲೆ ಎರಗುವ ಸ್ವಭಾವ ಅದಕ್ಕಿಲ್ಲ. ಕೈಯಲ್ಲಿ ಹಿಡಿದು ಅದುಮಿದರೆ ಮಾತ್ರ ಕೊಂಡಿ ಚುಚ್ಚೀತು.

ಹಾಗಾದರೆ ಗೋಡೆಯ ಮೇಲೆ ಕೂತಿರುವುದು ಯಾವ ಕಣಜ? ಇಲ್ಲಿ ಎಲ್ಲರೂ ಎಡವುವುದು ಬಣ್ಣದಲ್ಲಿ. ಕಪ್ಪು ಮೈಗೆ ಹಳದಿ ಪಟ್ಟೆ ಎಂದಷ್ಟೇ ಹೇಳಿದರೆ ಒಂಟಿ ಕಣಜ, ಸಂಘಜೀವಿ ಕಡಜ, ಅವುಗಳ ವೇಷ ಹಾಕಿದ ನಿರುಪದ್ರವಿ ನೊಣ ಎಲ್ಲವೂ ಆ ವರ್ಣನೆಯೊಳಗೆ ಬಂದುಬಿಡುತ್ತವೆ. ಒಂದೇ ಜಾತಿಯೂ ಊರಿಂದೂರಿಗೆ ಬಣ್ಣ ಬದಲಿಸುವುದುಂಟು. ಬಾಗಿಲ ತೂತು, ಬಿದಿರಿನ ಗಳಗಳಲ್ಲಿ ಮನೆ ಮಾಡುವ ಕೆಂಗಂದು ಬಣ್ಣದ ರಿಂಕಿಯಮ್ ಬ್ರುನ್ನಿಯಮ್ ಅಂಥದ್ದು. ಅದರ ಬಣ್ಣ ಪ್ರದೇಶಕ್ಕೊಂದು ತೆರನಾಗಿರುವುದರಿಂದ ವಿಜ್ಞಾನಿಗಳು ಅದರಲ್ಲೇ ಹಲವು ಉಪಜಾತಿಗಳನ್ನು ಹೆಸರಿಸಿದ್ದಾರೆ. ಬಣ್ಣ ಕೊನೆಗೆ ನೋಡಬೇಕಾದ ಗುರುತು. ಮೊದಲು ನೋಡಬೇಕಾದದ್ದು ಸೊಂಟ, ಆಮೇಲೆ ರೆಕ್ಕೆ, ಆಮೇಲೆ ಕತ್ತಿನ ಪಟ್ಟಿ.

ಕರ್ನಾಟಕದ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಎರಡು ಕಣಜಗಳನ್ನೇ ಅಕ್ಕಪಕ್ಕ ಇಟ್ಟು ನೋಡೋಣ. ಒಂದು ಸೆಲಿಫ್ರಾನ್ ಮದ್ರಾಸ್‌ಪಟಾನಮ್. ಕೀಟತಜ್ಞ ಫ್ಯಾಬ್ರೀಷಿಯಸ್ 1781ರಲ್ಲಿ ವರ್ಣಿಸಿದ ಈ ಹುಳದ ಹೆಸರಿನಲ್ಲೇ ಮದರಾಸು ಕೂತಿದೆ. ಕಪ್ಪು ಮೈ, ಅಲ್ಲಲ್ಲಿ ಹಳದಿ, ಎದೆಗೂ ಹೊಟ್ಟೆಗೂ ನಡುವೆ ನೂಲಿನಷ್ಟು ಸಣ್ಣ ಹಳದಿ ಸೊಂಟ. ಆ ಸೊಂಟ ಉದ್ದಕ್ಕೂ ಒಂದೇ ದಪ್ಪವಿದ್ದು, ಅದರ ತುದಿಯಲ್ಲಿ ಹೊಟ್ಟೆ ಥಟ್ಟನೆ ಉಬ್ಬುತ್ತದೆ. ಇನ್ನೊಂದು ಕುಂಬಾರ ಕಣಜಗಳ ಪೈಕಿ ಡೆಲ್ಟಾ ಎಂಬ ಕುಲದ್ದು. ಇದಕ್ಕೂ ಸೊಂಟ ಉದ್ದವೇ. ಆದರೆ ಎದೆಯ ಕಡೆ ಸಣ್ಣಗಿದ್ದು ಹಿಂದೆ ಹೋದಂತೆ ನಿಧಾನವಾಗಿ ಅಗಲವಾಗುತ್ತದೆ.

ಇಷ್ಟರಿಂದ ಅನುಮಾನ ಹೋಗದಿದ್ದರೆ ಹುಳ ಕೂರುವವರೆಗೆ ಕಾಯಬೇಕು. ಕುಂಬಾರ ಕಣಜ ಕೂತ ಕೂಡಲೇ ಮುಂದಿನ ರೆಕ್ಕೆಗಳನ್ನು, ಪಂಚೆ ಮಡಿಸಿದ ಹಾಗೆ, ಉದ್ದಕ್ಕೆ ಮಡಚಿಕೊಳ್ಳುತ್ತದೆ. ಹಾಗಾಗಿ ರೆಕ್ಕೆ ಇರುವುದಕ್ಕಿಂತ ಕಿರಿದಾಗಿ ಕಾಣುತ್ತದೆ. ಸೆಲಿಫ್ರಾನ್ ರೆಕ್ಕೆಯನ್ನು ಮಡಚುವುದಿಲ್ಲ, ಬೆನ್ನ ಮೇಲೆ ಹಾಗೇ ಇಡುತ್ತದೆ. ಭೂತಗನ್ನಡಿ ಹಿಡಿದವರಿಗೆ ಇನ್ನೊಂದು ಖಚಿತ ಗುರುತು ಸಿಗುತ್ತದೆ. ಕುಂಬಾರ ಕಣಜದ ಕತ್ತಿನ ಕಾಲರ್ ಎರಡೂ ಬದಿಗೆ ಹಿಂದಕ್ಕೆ ಹರಿದು ರೆಕ್ಕೆಯ ಬುಡವನ್ನು ಮುಟ್ಟುತ್ತದೆ. ಸೆಲಿಫ್ರಾನ್‌ನಲ್ಲಿ ಅದು ರೆಕ್ಕೆಯ ಬುಡ ತಲುಪುವ ಮೊದಲೇ ಪುಟ್ಟ ದುಂಡು ಗುಬ್ಬಿಯಾಗಿ ನಿಂತುಬಿಡುತ್ತದೆ. ಕುಂಬಾರ ಕಣಜದ ಕಣ್ಣಿನ ಒಳಅಂಚಿನಲ್ಲಿ ಆಳವಾದ ಕಚ್ಚು ಇರುವುದೂ ಆಗಲೇ ಕಾಣಿಸುತ್ತದೆ.

ಗೂಡು ಒಡೆದು ನೋಡಿದರಂತೂ ಸಂದೇಹವೇ ಉಳಿಯದು. ಸೆಲಿಫ್ರಾನ್ ಕೋಣೆಯಲ್ಲಿ ನಿಶ್ಚೇಷ್ಟಿತ ಪುಟ್ಟ ಜೇಡಗಳ ರಾಶಿ. ಕುಂಬಾರ ಕಣಜದ ಕೋಣೆಯಲ್ಲಿ ಹಸಿರು ಮರಿಹುಳುಗಳು. ನಮ್ಮ ವೇದಾಂತಿಗಳಿಗೂ ವಚನಕಾರರಿಗೂ ಪ್ರಿಯವಾದ, ಹುಳುವೇ ಕಣಜವಾಗುತ್ತದೆ ಎನ್ನುವ ಭ್ರಮರ-ಕೀಟ ನ್ಯಾಯ ಹುಟ್ಟಿದ್ದು ಇಂಥ ಕೋಣೆಯ ಎದುರಿನಲ್ಲೇ ಇರಬೇಕು. ಕಣಜ ಹುಳುವನ್ನು ಹೊತ್ತು ತಂದು ಮಣ್ಣಿನೊಳಗೆ ಇಟ್ಟು ಮುಚ್ಚಿತು, ಕೆಲ ವಾರಗಳ ನಂತರ ಆ ಮಣ್ಣಿನಿಂದ ಕಣಜವೇ ಹಾರಿಬಂತು. ಕಂಡವರು ಕಂಡದ್ದು ಸರಿಯಾಗಿಯೇ ಇತ್ತು. ಮಣ್ಣಿನ ಒಳಗೆ ಕಣಜದ ಮರಿ ಆ ಹುಳುವನ್ನು ತಿಂದು ಬೆಳೆದದ್ದು ಮಾತ್ರ ಕಣ್ಣಿಗೆ ಬೀಳಲಿಲ್ಲ.

ರೆಕ್ಕೆ ಮಡಚಿದ್ದನ್ನೆಲ್ಲ ಒಂಟಿ ಕಣಜ ಎನ್ನುವಂತಿಲ್ಲ. ಸಂಘಜೀವಿಗಳೂ ಹಾಗೇ ಮಡಚುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ದಶಕಗಳ ಕಾಲ ಅಧ್ಯಯನ ಮಾಡಿದ ರೋಪಾಲಿಡಿಯಾ ಮಾರ್ಜಿನೇಟಾ ಇದಕ್ಕೆ ಉದಾಹರಣೆ. ಅದಕ್ಕೂ ಸಣ್ಣ ಸೊಂಟವಿದೆ, ಹೊಸಬರು ಕುಂಬಾರ ಕಣಜವೆಂದೇ ತಿಳಿದಾರು. ವ್ಯತ್ಯಾಸ ಇರುವುದು ಕಾಲಿನ ತುದಿಯಲ್ಲಿ. ಕುಂಬಾರ ಕಣಜದ ಉಗುರು ಕವಲೊಡೆದಿರುತ್ತದೆ, ಸಂಘಜೀವಿಯದು ಸರಳ ಕೊಕ್ಕೆ. ದವಡೆಯೂ ಕುಂಬಾರನದು ಉದ್ದ, ಸಂಘಜೀವಿಯದು ಮೋಟು. ಉಗುರು ಕಾಣದಿದ್ದರೆ ಗೂಡು ನೋಡಿದರೂ ಸಾಕು. ರೋಪಾಲಿಡಿಯಾ ಕಟ್ಟುವುದು ಕಾಗದದಂಥ ನಾರಿನ ತೆರೆದ ಗೂಡು, ಅದರ ಮೇಲೆ ಹಲವು ಹುಳಗಳು ಒಟ್ಟಿಗೆ ಕೂತಿರುತ್ತವೆ.

ನೋಡುವವರಿಗೆ ನಿಜವಾದ ಪರೀಕ್ಷೆ ಒಡ್ಡುವುದು ಹೊಳೆಯುವ ಹಸಿರು-ನೀಲಿ ಕಣಜಗಳು. ಕಣ್ಣು ಕೋರೈಸುವ ಆ ಬಣ್ಣ ಮೂರು ಬೇರೆ ಬೇರೆ ಕುಟುಂಬಗಳಲ್ಲಿದೆ, ಮೂರರ ಬದುಕೂ ಬೇರೆ. ನೂಲಿನಂಥ ಸೊಂಟವಿದ್ದರೆ ಅದು ಚಾಲಿಬಿಯಾನ್ ಬೆಂಗಾಲೆನ್ಸ್, ಸೆಲಿಫ್ರಾನ್‌ನ ಹತ್ತಿರದ ನೆಂಟ. ಇದೂ ಜೇಡ ಹಿಡಿಯುತ್ತದೆ, ಆದರೆ ಸ್ವಂತ ಮನೆ ಕಟ್ಟದೆ ಸಿದ್ಧ ತೂತುಗಳಿಗೆ ಹೊಗುತ್ತದೆ. ನಡುವಿನ ಮತ್ತು ಹಿಂದಿನ ತೊಡೆಗಳು ಕೆಂಪಗಿದ್ದು, ಎದೆಯ ಮುಂಭಾಗ ಕತ್ತಿನಂತೆ ನೀಳವಾಗಿದ್ದರೆ ಅದು ಆಂಪ್ಯುಲೆಕ್ಸ್ ಕಂಪ್ರೆಸಾ, ಜಿರಳೆ ಬೇಟೆಗಾರ್ತಿ. ಇದರ ಮೊದಲ ಚುಚ್ಚು ಜಿರಳೆಯ ಎದೆಗೆ. ಅದರಿಂದ ಮುಂಗಾಲುಗಳು ಸ್ವಲ್ಪ ಹೊತ್ತು ಸೋಲುತ್ತವೆ. ಎರಡನೆಯದು ನೇರ ತಲೆಯ ನರಕೇಂದ್ರಕ್ಕೆ. ಆಮೇಲೆ ಜಿರಳೆಗೆ ನಡೆಯುವ ಶಕ್ತಿ ಇರುತ್ತದೆ, ತಾನಾಗಿ ಓಡುವ ಮನಸ್ಸಿರುವುದಿಲ್ಲ. ಕಣಜ ಅದರ ಮೀಸೆ ಹಿಡಿದು ಬಿಲಕ್ಕೆ ನಡೆಸಿಕೊಂಡು ಹೋಗುತ್ತದೆ. ತನಗಿಂತ ದೊಡ್ಡ ಜಿರಳೆಯನ್ನು ಹೀಗೆ ಕರೆದೊಯ್ಯುವುದನ್ನು ಒಮ್ಮೆ ಕಂಡವರು ಆ ಕೆಂಪು ತೊಡೆಗಳನ್ನು ಮರೆಯುವುದಿಲ್ಲ.

ಮೂರನೆಯದು ಸ್ಟಿಲ್ಬಮ್ ಸಯನುರಮ್, ಕೋಗಿಲೆ ಕಣಜ. ಸೊಂಟ ಕಾಣುವುದೇ ಇಲ್ಲ. ಮೈಯೆಲ್ಲ ಒರಟು ಕುಳಿಗಳು, ಹೊಟ್ಟೆಯ ತುದಿಯಲ್ಲಿ ಹಲ್ಲುಗಳು, ಅಡಿಭಾಗ ಒಳಕ್ಕೆ ತಗ್ಗು. ಅಪಾಯ ಬಂದಾಗ ಆ ತಗ್ಗಿನೊಳಗೆ ತಲೆ-ಕಾಲು ಸೇರಿಸಿ ಉಂಡೆಯಾಗುತ್ತದೆ. ಸೆಲಿಫ್ರಾನ್, ಕುಂಬಾರ ಕಣಜಗಳು ಕಷ್ಟಪಟ್ಟು ಕಟ್ಟಿದ ಗೂಡಿನಲ್ಲಿ ಮೊಟ್ಟೆಯಿಡುವುದು ಇದರ ಕಸುಬು. ಸಿಟ್ಟಿಗೆದ್ದ ಮನೆಯೊಡತಿಯ ದವಡೆ ತಡೆಯಲು ಆ ಗಟ್ಟಿ ಮೈ ಬೇಕೇ ಬೇಕು.

ಮನೆಯಿಂದ ಹೊರಗೆ ಬಂದರೆ ನಡಿಗೆಯೇ ಹೆಸರು ಹೇಳುತ್ತದೆ. ರೆಕ್ಕೆ ಪಟಪಟಿಸುತ್ತ, ನಿಲ್ಲದೆ ನೆಲದ ಮೇಲೆ ಓಡಾಡುವ ನೀಳಗಾಲಿನ ಹುಳ ಪಾಂಪಿಲಿಡೇ ಕುಟುಂಬದ ಜೇಡಬೇಟೆ ಕಣಜ. ಎದೆಯ ಪಕ್ಕದಲ್ಲಿ ಓರೆಯಾಗಿ ಹಾಯುವ ನೇರ ಗೆರೆ ಅದರ ಖಚಿತ ಗುರುತು. ಸೆಲಿಫ್ರಾನ್ ಒಂದು ಮರಿಗೆ ಹಲವು ಜೇಡ ಕೂಡಿಟ್ಟರೆ ಇದು ಒಂದು ಮರಿಗೆ ಒಂದೇ ದೊಡ್ಡ ಜೇಡ ಎಳೆದು ತರುತ್ತದೆ. ತೋಟದ ನೆಲಕ್ಕೆ ತಾಗಿದಂತೆ ಸುತ್ತುವ, ಮೈತುಂಬ ರೋಮವಿರುವ ದಪ್ಪ ಕಣಜದ ರೆಕ್ಕೆಯ ತುದಿಯಲ್ಲಿ ಸಣ್ಣ ಸುಕ್ಕುಗಳಿದ್ದರೆ ಅದು ಸ್ಕೋಲಿಡೇ ಕುಟುಂಬದ್ದು. ಬೆಳೆಯ ಬೇರು ತಿನ್ನುವ ಗೊಣ್ಣೆಹುಳುವನ್ನು ಮಣ್ಣು ಬಗೆದು ಹುಡುಕಿ ಅದರ ಮೇಲೆ ಮೊಟ್ಟೆಯಿಡುವ ಈ ಹುಳವನ್ನು ರೈತರು ಗುರುತಿಸಿ ಉಳಿಸಿಕೊಳ್ಳಬೇಕು.

ಗಂಡೋ ಹೆಣ್ಣೋ ಎಂದು ತಿಳಿಯಲು ಮೀಸೆಯ ಗೆಣ್ಣು ಎಣಿಸಬೇಕು. ಸಾಮಾನ್ಯವಾಗಿ ಗಂಡಿಗೆ 13, ಹೆಣ್ಣಿಗೆ 12. ಹಲವು ಕುಂಬಾರ ಕಣಜಗಳಲ್ಲಿ ಗಂಡಿನ ಮೀಸೆಯ ಕೊನೆ ಕೊಕ್ಕೆಯಾಗಿ ಬಾಗಿರುತ್ತದೆ. ಕೊಂಡಿ ಹೆಣ್ಣಿಗೆ ಮಾತ್ರ, ಏಕೆಂದರೆ ಅದು ಮೊಟ್ಟೆಯಿಡುವ ಅಂಗದಿಂದಲೇ ರೂಪುಗೊಂಡದ್ದು.

ಗೆಣ್ಣು, ಉಗುರು, ರೆಕ್ಕೆಯ ಮಡಿಕೆ ಎಂದು ಇಷ್ಟೊಂದು ನೋಡುವುದು ಯಾಕೆ ಎಂಬ ಪ್ರಶ್ನೆಗೆ ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಉತ್ತರವಿದೆ. ವಿಮಾನದ ವೇಗ ಅಳೆಯುವ ಪಿಟೋ ನಳಿಗೆಗಳಲ್ಲಿ ಅಲ್ಲಿ ಮಣ್ಣು ಕಟ್ಟಿಕೊಳ್ಳುತ್ತಿತ್ತು. 2013ರಲ್ಲಿ ಹೊರಟ ವಿಮಾನವೊಂದು ಇದರಿಂದಲೇ ಮರಳಿ ಬಂದು ಇಳಿಯಬೇಕಾಯಿತು. ಸಂಶೋಧಕರು 3ಡಿ ಮುದ್ರಣದಲ್ಲಿ ನಕಲಿ ನಳಿಗೆಗಳನ್ನು ಮಾಡಿ ನಿಲ್ದಾಣದ ಸುತ್ತ ಇಟ್ಟು, ಗೂಡು ಕಟ್ಟಿದ್ದು ಯಾರೆಂದು ಕಾದು ನೋಡಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸಿಕ್ಕ ಹೆಸರು ಪ್ಯಾಕೊಡೈನೆರಸ್ ನ್ಯಾಸಿಡೆನ್ಸ್, ಅಮೆರಿಕ ಖಂಡದಿಂದ ಬಂದ ಪುಟ್ಟ ಒಂಟಿ ಕಣಜ. ಹೆಸರು ತಿಳಿದ ಮೇಲೆ ಅದು ಯಾವ ಅಳತೆಯ ತೂತು ಬಯಸುತ್ತದೆ, ಯಾವ ತಿಂಗಳಲ್ಲಿ ಹೆಚ್ಚು ಕಟ್ಟುತ್ತದೆ ಎಂಬುದೆಲ್ಲ ಲೆಕ್ಕಕ್ಕೆ ಬಂತು.

ಮನೆಯ ಗೋಡೆಯ ಹುಳವನ್ನು ಗುರುತಿಸಲು ಇಂಥ ಏರ್ಪಾಡು ಬೇಡ. ಮೊಬೈಲಿನಲ್ಲಿ ಮೇಲಿನಿಂದ ಒಂದು, ಪಕ್ಕದಿಂದ ಒಂದು, ಮುಖದ್ದೊಂದು ಚಿತ್ರ ತೆಗೆದರೆ ಕುಲದ ಮಟ್ಟಕ್ಕಾದರೂ ತಲುಪಬಹುದು. ಜಾತಿ ಹೇಳಲು ಎಷ್ಟೋ ಸಲ ಮಾದರಿಯೇ ಬೇಕಾಗುತ್ತದೆ. 1897ರಲ್ಲಿ ಬಿಂಗ್‌ಹ್ಯಾಮ್ ಬರೆದ ಭಾರತದ ಕಣಜ-ಜೇನುಗಳ ಸಂಪುಟವನ್ನು ತಜ್ಞರು ಇವತ್ತಿಗೂ ತಿರುವಿಹಾಕುತ್ತಾರೆ. ಗೋಡೆ ಸುಣ್ಣ ಹೊಡೆಸಲು ಗೂಡು ಕೆರೆಯಲೇಬೇಕಿದ್ದರೆ ಮೊದಲು ದುಂಡು ತೂತುಗಳಿವೆಯೇ ಎಂದು ನೋಡುವುದು ಒಳ್ಳೆಯದು. ತೂತು ಬಿದ್ದ ಕೋಣೆಯ ಮರಿ ಹಾರಿಹೋಗಿದೆ. ಆ ತೂತಿಗೆ ಬೇರೆ ಬಣ್ಣದ ಮಣ್ಣಿನ ಬಿರಡೆ ಬಿದ್ದಿದ್ದರೆ, ಒಳಗೆ ಬೇರೊಂದು ಜಾತಿ ಬಿಡಾರ ಹೂಡಿದೆ ಎಂದರ್ಥ. ಅದು ಹೊರಬರುವ ತನಕ ಸುಣ್ಣ ಕಾಯಬಹುದು.