ಶಾಲೆ ಬಿಟ್ಟ ಮೇಲಿನ ಮೂರು ಗಂಟೆಗಳು

ರೋಗ ಬರುವ ಮುನ್ನವೇ ಅದನ್ನು ತಡೆಯಬೇಕೆಂಬುದು ಆರೋಗ್ಯಶಾಸ್ತ್ರದ ಮೊದಲ ಪಾಠ. ಸಮಾಜದ ಸ್ವಾಸ್ಥ್ಯಕ್ಕೂ ಈ ಪಾಠ ಅನ್ವಯಿಸುತ್ತದೆ. ಎಳೆಯರು ಅಪರಾಧದ ಹಾದಿ ಹಿಡಿದ ಮೇಲೆ ಪೊಲೀಸು, ನ್ಯಾಯಾಲಯ, ಸುಧಾರಣಾಗೃಹಗಳಿಗಾಗಿ ಸರ್ಕಾರಗಳು ಧಾರಾಳವಾಗಿ ವೆಚ್ಚ ಮಾಡುತ್ತವೆ. ಅವರು ಆ ಹಾದಿಗೆ ಹೊರಳದಂತೆ ನೋಡಿಕೊಳ್ಳಲು ಹಣ ಕೇಳಿದರೆ ಮಾತ್ರ ಬೊಕ್ಕಸ ಬರಿದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವೇನು? ಈ ವಿಷಯದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಅನುಭವ ಪರಿಶೀಲನೆಗೆ ಯೋಗ್ಯವಾಗಿದೆ.

ಬಾಲಾಪರಾಧಗಳು ನಡುರಾತ್ರಿಯಲ್ಲಿ ನಡೆಯುತ್ತವೆಂಬುದು ಸಾಮಾನ್ಯ ನಂಬಿಕೆ. ಆ ದೇಶದ ನ್ಯಾಯಾಂಗ ಇಲಾಖೆಯ ಅಂಕಿಅಂಶಗಳು ಬೇರೆಯೇ ಸಂಗತಿಯನ್ನು ತಿಳಿಸುತ್ತವೆ. ಶಾಲೆ ನಡೆಯುವ ದಿನಗಳಲ್ಲಿ ಎಳೆಯರ ಹಿಂಸಾಕೃತ್ಯಗಳು ಅತಿ ಹೆಚ್ಚಾಗುವುದು ಮಧ್ಯಾಹ್ನ 3 ಗಂಟೆಯ ನಂತರ, ಅಂದರೆ ಶಾಲೆ ಬಿಟ್ಟೊಡನೆ. ರಜಾದಿನಗಳಲ್ಲಾದರೋ ಈ ಏರಿಕೆ ಕಾಣುವುದು ರಾತ್ರಿ 7ರಿಂದ 9ರ ನಡುವೆ. ತಂದೆತಾಯಿಗಳು ದುಡಿಮೆಯಿಂದ ಮರಳುವುದು ಸಂಜೆ 6ರ ಮೇಲೆ. ಹದಿಹರೆಯದಲ್ಲಿ ಆವೇಗವನ್ನು ಹತೋಟಿಯಲ್ಲಿಡುವ ಮಿದುಳಿನ ಭಾಗ ಇನ್ನೂ ಪಕ್ವವಾಗಿರುವುದಿಲ್ಲ. ಗೆಳೆಯರ ಸೆಳೆತ ಮಾತ್ರ ಪ್ರಬಲವಾಗಿರುತ್ತದೆ. ಹಿರಿಯರ ಕಣ್ಣಿಲ್ಲದ ಈ ಮೂರು ಗಂಟೆಗಳೇ ಅಪಾಯದ ವೇಳೆ.

ಈ ಹೊತ್ತಿನಲ್ಲಿ ಮಕ್ಕಳಿಗೆ ಆಶ್ರಯ ನೀಡಲು ಲಾಸ್ ಏಂಜಲೀಸ್ ನಗರದಲ್ಲಿ 1988ರಲ್ಲಿ, ಟಾಮ್ ಬ್ರಾಡ್ಲಿ ಅವರು ಮೇಯರ್ ಆಗಿದ್ದಾಗ, ‘ಎಲ್‌ಎಸ್ ಬೆಸ್ಟ್’ ಎಂಬ ಯೋಜನೆ ಆರಂಭವಾಯಿತು. ಬಡ ಬಡಾವಣೆಗಳ ಶಾಲೆಗಳಲ್ಲೇ ಪಾಠ ಮುಗಿದ ಮೇಲೆ ತಿಂಡಿ, ಮನೆಪಾಠಕ್ಕೆ ನೆರವು, ಆಟ, ಸಂಗೀತ, ಚಿತ್ರಕಲೆ. 1994ರ ಶಾಸನದಿಂದ ಕೇಂದ್ರ ಸರ್ಕಾರವೂ ಇಂತಹ ಕೇಂದ್ರಗಳಿಗೆ ನೆರವು ನೀಡತೊಡಗಿತು. 2024ರಲ್ಲಿ ಆ ನೆರವು ಸುಮಾರು 130 ಕೋಟಿ ಡಾಲರುಗಳಷ್ಟಿತ್ತು. 2002ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು, ಚಿತ್ರನಟ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಮುಂದಾಳುತನದಲ್ಲಿ ಬಂದ ಪ್ರಸ್ತಾವವನ್ನು ಅಂಗೀಕರಿಸಿ, ರಾಜ್ಯದ ಬೊಕ್ಕಸದಿಂದಲೂ ಇದಕ್ಕೆ ಹಣ ದೊರೆಯುವಂತೆ ಮಾಡಿದರು. ಅನೇಕ ಪೊಲೀಸ್ ಮುಖ್ಯಾಧಿಕಾರಿಗಳೇ ಇಂತಹ ವೆಚ್ಚದ ಪರವಾಗಿ ವಾದಿಸಿದ್ದಾರೆಂಬುದು ಗಮನಾರ್ಹ.

ಹಾಗೆಂದು ಹಣ ಸುರಿದಲ್ಲೆಲ್ಲ ಫಲ ದೊರೆತಿಲ್ಲ. ಕೇಂದ್ರದ ಯೋಜನೆಯನ್ನು ಪರಿಶೀಲಿಸಿದ 2005ರ ವರದಿಯ ಪ್ರಕಾರ, ಮಕ್ಕಳಲ್ಲಿ ಸುರಕ್ಷಿತ ಭಾವನೆ ಹೆಚ್ಚಿತಾದರೂ ಓದು ಸುಧಾರಿಸಲಿಲ್ಲ. ಕೆಲವರ ನಡತೆಯ ಬಗೆಗೆ ದೂರುಗಳೂ ಹೆಚ್ಚಿದವು. ಆದರೆ ಲಾಸ್ ಏಂಜಲೀಸ್ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ 2007ರ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ, ಯೋಜನೆಯಲ್ಲಿ ನಿಷ್ಠೆಯಿಂದ ಪಾಲ್ಗೊಂಡವರು ಅಪರಾಧಕ್ಕಿಳಿಯುವ ಸಂಭವ ಇತರರಿಗಿಂತ ಶೇಕಡಾ 30ರಷ್ಟು ಕಡಿಮೆಯೆಂದು ಕಂಡುಬಂದಿತು. ಮಕ್ಕಳನ್ನು ಕೋಣೆಯಲ್ಲಿ ಕೂಡಿಹಾಕಿದರೆ ಸಾಲದು. ಹೆಸರು ಹಿಡಿದು ಕರೆಯುವ, ನಾಳೆಯೂ ಬರುವ ಹಿರಿಯರು ಬೇಕು; ಕೈಗೂ ಮನಸ್ಸಿಗೂ ಕ್ರಮಬದ್ಧವಾದ ಕೆಲಸ ಬೇಕು.

ನಾಳೆಯೂ ಬರುವ ಹಿರಿಯರಿಗೆ ನಾಳೆಯೂ ಸಂಬಳ ದೊರೆಯಬೇಕಷ್ಟೆ. 2025ರ ಜುಲೈ ತಿಂಗಳಲ್ಲಿ ಅಮೆರಿಕದ ಕೇಂದ್ರಾಡಳಿತ ಈ ಅನುದಾನವನ್ನು ತಡೆಹಿಡಿದಾಗ, ಹೊಸ ಶಾಲಾವರ್ಷದ ಹೊಸ್ತಿಲಲ್ಲಿದ್ದ ಕೇಂದ್ರಗಳು ಕಂಗಾಲಾದವು. ಆಡಳಿತ ಪಕ್ಷದ ಸೆನೆಟರುಗಳೂ ಒತ್ತಾಯಿಸಿದ ಬಳಿಕ, ಅದೇ ತಿಂಗಳು ಹಣ ಬಿಡುಗಡೆಯಾಯಿತು. ವರ್ಷಕ್ಕೊಮ್ಮೆ ಅಳಿವು ಉಳಿವಿನ ತೂಗುಯ್ಯಾಲೆಯಲ್ಲಿರುವ ಯೋಜನೆಯಿಂದ ಒಳ್ಳೆಯ ಕೆಲಸಗಾರರು ದೂರವಾಗುತ್ತಾರೆ; ಅವರೊಡನೆ ಫಲವೂ ದೂರವಾಗುತ್ತದೆ.

ಈ ಸತ್ಯ ಮುಂಬಯಿಯ ಕನ್ನಡಿಗರಿಗೆ ಅಪರಿಚಿತವಲ್ಲ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ಹುಡುಗರನ್ನು ಸಂಜೆ ಬೀದಿಪಾಲಾಗಗೊಡದೆ ಬಾಳಿಗೆ ಹಚ್ಚಿದವು ಇಲ್ಲಿನ ಕನ್ನಡ ರಾತ್ರಿಶಾಲೆಗಳೇ. ಇಂದು ಮಹಾನಗರಗಳಲ್ಲಿ ತಂದೆತಾಯಿಗಳಿಬ್ಬರೂ ದುಡಿಯುವ ಮನೆಗಳು ಅನೇಕ. ಬೀಗದ ಕೈ ಮಕ್ಕಳ ಬಳಿಯಲ್ಲಿ. ಸಂಘಗಳ ಸಭಾಂಗಣಗಳು ಆ ಮೂರು ಗಂಟೆ ತೆರೆದರೆ ಒಳ್ಳೆಯ ಆರಂಭವಾದೀತು. ಆದರೆ ದಾನದ ಹಣದಿಂದ ಎಲ್ಲ ಬಡಾವಣೆಗಳ ಎಲ್ಲ ಮಕ್ಕಳನ್ನು ತಲುಪಲಾಗದು. ಶಾಲಾ ಕಟ್ಟಡ ಕಟ್ಟಿದ ಸಾರ್ವಜನಿಕ ಹಣವೇ ಸಂಜೆಯೂ ಅದರ ಬಾಗಿಲು ತೆರೆದಿರುವಂತೆ ನೋಡಿಕೊಳ್ಳಬೇಕು. ಮತ ಕೇಳಲು ಬರುವ ನಗರಸಭಾ ಸದಸ್ಯರಿಗೆ ಕನ್ನಡಿಗರು ಈ ಬೇಡಿಕೆಯನ್ನು ಮುಂದಿಡಬಹುದು.